ಚೀಲದ ಮೇಲಿನ ಮೂರು ಅಕ್ಷರ

ಆಗುವುದಿಲ್ಲ ಎಂದವಳು ನನ್ನ ಆಯಿ, ಅಪ್ಪನ ತಾಯಿ. ನಾನು ಕಾಲೇಜಿಗೆ ಹೆಸರು ಹಚ್ಚಿ ಬಂದ ದಿನವೇ ಅಂದಳು. ಬಾಗಿಲಲ್ಲಿ ಕೂತು ಒಣಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಮುರಿಯುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

“ಎಷ್ಟಾರ ಓದು. ಡಿಗ್ರಿ ಅನ್ನೂದು ಈ ಮನಿಗೆ ಬರೂದಿಲ್ಲ. ಅದರಾಗ ಇಂಗ್ಲೀಷ ಐತಿ. ಇಂಗ್ಲೀಷ ನಮಗ ಆಗಿ ಬರೂದಿಲ್ಲ.”

ನೀನು ದಡ್ಡಿ, ನಿನ್ನಿಂದ ಆಗುವುದಿಲ್ಲ ಎಂದಿದ್ದರೆ ನಾನು ಜಗಳ ಆಡುತ್ತಿದ್ದೆ. ಅವಳು ಹೇಳಿದ್ದು ಅದಲ್ಲ. ನಮ್ಮ ಕಡೆ ಒಂದೊಂದು ಮನೆಗೂ ಆಗಿ ಬಾರದ್ದು ಒಂದಿರುತ್ತದೆ. ನಮ್ಮ ಮನೆಯಲ್ಲಿ ಸಂಡಿಗೆ ಹಾಕುವುದಿಲ್ಲ. ಯಾವ ಕಾಲದಲ್ಲೋ ಸಂಡಿಗೆಯ ಹಿಟ್ಟು ಒಲೆಯ ಮೇಲಿದ್ದಾಗ ಮನೆಯಲ್ಲೊಂದು ಸಾವಾಯಿತಂತೆ, ಅಂದಿನಿಂದ ಬಿಟ್ಟುಹೋಯಿತು. ನೆರೆಯವರು ಕೊಟ್ಟರೆ ಕರಿದು ತಿನ್ನುತ್ತೇವೆ, ನಾವು ಹಾಕುವುದಿಲ್ಲ. ಗೋಡೆಯಾಚೆ ಇರುವ ಚಾಚಿ ಮುಸಲ್ಮಾನರು. ಅವರ ಮನೆಗೆ ಪಾರಿವಾಳ ಆಗಿ ಬರುವುದಿಲ್ಲ. ಇಂಥ ಮಾತಿಗೆ ಯಾರೂ ವಾದ ಹೂಡುವುದಿಲ್ಲ. ಈ ಪಟ್ಟಿಗೆ ಆಯಿ ಇಂಗ್ಲಿಷನ್ನು ಸೇರಿಸಿದ್ದು ನಾನು ತೀರ ಸಣ್ಣವಳಿದ್ದಾಗ, ನನ್ನ ಕಾಕಾ ಸತ್ತ ದಿನ.

ಕಾಕಾ ಅಂದರೆ ಅಪ್ಪನ ತಮ್ಮ. ನಮ್ಮ ಬ್ಯಾಡಗಿಯ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಚೀಲಗಳಿಗೆ ಮಾರ್ಕಾ ಹೊಡೆಯುವುದು ಅವನ ಕೆಲಸ. ಖರೀದಿದಾರರಿಗೆ ತಲಾ ಮೂರು ಇಂಗ್ಲಿಷ್ ಅಕ್ಷರದ ಗುರುತು. ಅಕ್ಷರ ಕೊರೆದ ತಗಡನ್ನು ಚೀಲದ ಮೇಲಿಟ್ಟು ಕಪ್ಪು ಬಣ್ಣದ ಬ್ರಶ್ ಎಳೆದರೆ ಆಯಿತು. ಬೆಳಗಿನಿಂದ ಸಂಜೆಯವರೆಗೆ ಅದೇ. ಮನೆಗೆ ಬಂದಾಗ ಅವನ ಉಗುರುಗಳು ಕಪ್ಪಗೆ, ಅಂಗಿ ಕೆಂಪಗೆ ಇರುತ್ತಿದ್ದುದು ನನಗೆ ನೆನಪಿದೆ. ಅಷ್ಟೇ ನೆನಪಿರುವುದು. ಉಳಿದದ್ದು ಮಂದಿ ಹೇಳಿದ್ದು. ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿ ಬಿ.ಎ. ಕಟ್ಟಿದ್ದ. ಎಲ್ಲ ವಿಷಯ ಮುಗಿಸಿ ಇಂಗ್ಲಿಷ್ ಒಂದು ಉಳಿಸಿಕೊಂಡಿದ್ದ. ಪರೀಕ್ಷೆ ಹಾವೇರಿಯಲ್ಲಿ. ಬಸ್ಸು ತಪ್ಪಿತು. ಮೆಣಸಿನಕಾಯಿ ಹೇರಿಕೊಂಡು ಹಾವೇರಿ ಕಡೆ ಹೊರಟಿದ್ದ ಟೆಂಪೋದ ಚೀಲಗಳ ಮೇಲೆ ಹತ್ತಿ ಕೂತ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಗೆ ಏರುವಲ್ಲಿ ಟೆಂಪೋ ಮಗುಚಿತು.

ಪರೀಕ್ಷೆಯ ಕೊಠಡಿಯವರೆಗೂ ಅವನು ಮುಟ್ಟಲಿಲ್ಲ.

ಇದು ಹಿನ್ನೆಲೆ. ಇನ್ನು ನನ್ನದು. ನಾನು ರಾಣೆಬೆನ್ನೂರಿನ ಕಾಲೇಜಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಇತಿಹಾಸ, ಕನ್ನಡ, ರಾಜ್ಯಶಾಸ್ತ್ರ, ಯಾವುದರಲ್ಲೂ ನಾನು ಯಾರಿಗೂ ಕಡಿಮೆ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಇಂಗ್ಲಿಷ್ ಮಾತ್ರ ನಿಲ್ಲುತ್ತಿರಲಿಲ್ಲ. ಮುಂಜಾನೆ ಕಲಿತ ಶಬ್ದ ಸಂಜೆಗೆ ಇರುತ್ತಿರಲಿಲ್ಲ. ಉತ್ತರಗಳನ್ನು ಅರ್ಥವಾಗದೆ ಬಾಯಿಪಾಠ ಮಾಡುತ್ತಿದ್ದೆ. ಒಂದು ಸಾಲು ಮರೆತರೆ ಮುಂದಿನ ಪುಟವೆಲ್ಲ ಮಾಯ.

ಇಂಗ್ಲಿಷ್ ಪರೀಕ್ಷೆಯ ಮುಂಜಾನೆ ಆಯಿ ನನ್ನನ್ನು ಒಲೆಯ ಮುಂದೆ ಕೂರಿಸಿದಳು. ನಮ್ಮಲ್ಲಿ ಈಗಲೂ ನೀರು ಕಾಯಿಸುವುದಕ್ಕೆ ಕಟ್ಟಿಗೆಯ ಒಲೆ. ಅದರ ಪಕ್ಕದ ಗೂಡಿನಲ್ಲಿ ಅವಳದೊಂದು ತಗಡಿನ ಡಬ್ಬಿ ಇದೆ. ಅದರೊಳಗೆ ಉಪ್ಪು, ಸಾಸಿವೆ, ತುಂಬು ಮುರಿಯದ ಒಂದಿಷ್ಟು ಒಣಮೆಣಸಿನಕಾಯಿ. ಐದು ಕಾಯಿ ಮುಷ್ಟಿಯಲ್ಲಿ ಹಿಡಿದು ನನ್ನ ತಲೆಯ ಸುತ್ತ ಮೂರು ಸಲ ಇಳಿಸಿ ಬೆಂಕಿಗೆ ಹಾಕಿದಳು. ದೃಷ್ಟಿ ತೆಗೆಯುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಘಾಟು ಬಾರದಿದ್ದರೆ ದೃಷ್ಟಿ ಇತ್ತು, ಸುಟ್ಟುಹೋಯಿತು ಎಂದು ಮಂದಿ ಸಮಾಧಾನ ಪಡುತ್ತಾರೆ. ಆಯಿ ಹಲಗೇರಿಯವಳು. ಅವಳ ತವರಿನ ಲೆಕ್ಕ ಬೇರೆ. ಘಾಟು ಬಂದರೆ ದಾರಿ ಖುಲ್ಲಾ. ಬಾರದಿದ್ದರೆ ದಾರಿಯಲ್ಲಿ ಏನೋ ಕೂತಿದೆ.

ಕಾಯಿಗಳು ಕಪ್ಪಾದವು, ಉಬ್ಬಿದವು, ಬೂದಿಯಾದವು. ಯಾರಿಗೂ ಒಂದು ಕೆಮ್ಮು ಬರಲಿಲ್ಲ.

“ನೋಡಿದೇನ?” ಅಂದಳು ಆಯಿ. “ಕುಂತೈತಿ.”

ನಾನು ಹೋದೆ. ರೈಲಿನಲ್ಲಿ ಕೂತು, ಕೊಠಡಿಯಲ್ಲಿ ಕೂತು, ಆ ಒಂದೇ ಮಾತು. ಕುಂತೈತಿ. ಏನು ಕೂತಿದೆ, ಎಲ್ಲಿ ಕೂತಿದೆ? ಬಾಯಿಪಾಠ ಮಾಡಿದ್ದು ಮೂರನೇ ಸಾಲಿಗೆ ಕಡಿಯಿತು. ಅದೊಂದರಲ್ಲೇ ನಪಾಸಾದೆ. ಫಲಿತಾಂಶ ಕೇಳಿ ಆಯಿಗೆ ಬೇಜಾರಾಗಲಿಲ್ಲ, ಒಂಥರಾ ನೆಮ್ಮದಿಯಾದಂತೆ ಕಂಡಿತು. “ಇಷ್ಟಕ್ಕ ಬಿಡ್ತಲ್ಲ. ಸಣ್ಣದರಾಗ ಹೋತು ಅನ್ನು,” ಅಂದಳು.

ಅದೇ ವಾರ ಅಪ್ಪ ಆಯಿ ಇಲ್ಲದ ಹೊತ್ತು ನೋಡಿ ನನ್ನನ್ನು ಹಿತ್ತಲಿಗೆ ಕರೆದ. ಅಪ್ಪ ಅದೇ ಮಾರುಕಟ್ಟೆಯಲ್ಲಿ ಹಮಾಲಿ. ಹೆಗಲ ಮೇಲಿನ ಟವೆಲ್ಲಿನಲ್ಲಿ ಏನೋ ಸುತ್ತಿಕೊಂಡು ಬಂದಿದ್ದ. ಬಿಚ್ಚಿದರೆ ಉದ್ದನೆಯ ಒಂದು ವಹಿ, ಅಂಗಡಿಯ ಲೆಕ್ಕದ ಪುಸ್ತಕ. ರಟ್ಟಿನ ಮೇಲೆ ಕಪ್ಪು ಹೆಬ್ಬೆರಳಿನ ಗುರುತು.

“ನಿಮ್ಮ ಕಾಕಾಂದು. ಅಂಗಡ್ಯಾಗ ತಗಡಿನ ಪೆಟಿಗಿ ತಳಕ್ಕ ಇತ್ತು, ಇಷ್ಟ ದಿನ ನಾನ ಇಟಗೊಂಡಿದ್ದೆ. ಓದಾಕ ಬರಂಗಿಲ್ಲ ನನಗ. ನಿನಗ ಏನರ ಆದೀತೇನೋ ನೋಡವ್ವಾ. ಆಯಿಗೆ ತೋರಸಬ್ಯಾಡ.”

ಒಂದೊಂದು ಪುಟದ ತಲೆಯ ಮೇಲೆ ಒಬ್ಬೊಬ್ಬ ಖರೀದಿದಾರನ ಮೂರು ಅಕ್ಷರ, ಚೀಲದ ಮೇಲೆ ಇರುವಂತೆಯೇ ದಪ್ಪಗೆ. ಕೆಳಗೆ ಆ ಮೂರೂ ಅಕ್ಷರ ಇರುವ ಇಂಗ್ಲಿಷ್ ಶಬ್ದಗಳ ಸಾಲು. ಅಕ್ಷರ ಯಾವ ಕ್ರಮದಲ್ಲಾದರೂ ಬರಲಿ, ಮೂರೂ ಇರಬೇಕು. ಎ, ಆರ್, ಟಿ ಎಂಬ ಪುಟದಲ್ಲಿ ಮಾರ್ಕೆಟ್ ಇತ್ತು, ಟ್ರ್ಯಾಕ್ಟರ್ ಇತ್ತು, ವಾಟರ್, ಹಾರ್ಟ್, ಫಾದರ್ ಇದ್ದವು. ಪ್ರತಿ ಶಬ್ದದ ಎದುರು ಕನ್ನಡದಲ್ಲಿ ಒಂದು ಚುಟುಕು ಗುರುತು: ಅದನ್ನು ಎಲ್ಲಿ ಕಂಡ, ಯಾರ ಬಾಯಲ್ಲಿ ಕೇಳಿದ. “ದವಾಖಾನಿ ಬೋರ್ಡು.” “ಸಾಹುಕಾರರ ಮಗ ಅಂದ.” “ಪಂಪಿನ ಮ್ಯಾಲೆ ಬರದಿದ್ದರು.” ಕಾಕಾಗೆ ಕಲಿಸುವವರು ಯಾರೂ ಇರಲಿಲ್ಲ. ದಿನವಿಡೀ ಕೈಯಲ್ಲಿದ್ದದ್ದು ಮೂರು ಅಕ್ಷರದ ತಗಡು. ಒಂದು ಚೀಲ ಮುಗಿದು ಇನ್ನೊಂದು ಬರುವಷ್ಟರಲ್ಲಿ ಅವನು ಆ ಅಕ್ಷರಗಳಿಗೆ ಶಬ್ದ ಹುಡುಕುತ್ತಿದ್ದ.

ಈಗ ಫೋನಿನಲ್ಲಿ ಮೂರು ಅಕ್ಷರ ಒತ್ತಿದರೆ ಅವು ಇರುವ ಶಬ್ದಗಳೆಲ್ಲ ಸಾಲುಗಟ್ಟಿ ಬರುತ್ತವೆ. ನಾನೂ ಮಾಡಿ ನೋಡಿದೆ. ಉದ್ದ ಪಟ್ಟಿ ಬಂತು. ಒಂದೂ ತಲೆಯಲ್ಲಿ ಉಳಿಯಲಿಲ್ಲ. ಹುಡುಕಿ ತೆಗೆದದ್ದೇ ಉಳಿಯುವುದು. ಚೀಲದೊಳಗೆ ಕೈ ಹಾಕಿ ಕೆಟ್ಟ ಕಾಯಿಯನ್ನು ಬೆರಳಿನಿಂದಲೇ ಗುರುತು ಹಿಡಿದು ತೆಗೆಯುವಂಥ ಕೆಲಸ ಅದು. ನಾನು ಅಪ್ಪನಿಗೆ ಬುತ್ತಿ ಕೊಡಲು ಮಾರುಕಟ್ಟೆಗೆ ಹೋದಾಗ ಒಂದರ ಮೇಲೊಂದು ಪೇರಿಸಿದ ಚೀಲದ ನಿಟ್ಟುಗಳ ನಡುವೆ ನಿಧಾನವಾಗಿ ನಡೆಯತೊಡಗಿದೆ. ಎಡಕ್ಕೊಂದು ಮಾರ್ಕಾ, ಬಲಕ್ಕೊಂದು ಮಾರ್ಕಾ. ಈ ಮೂರಕ್ಕೆ ಏನು? ಆ ಮೂರಕ್ಕೆ ಏನು? ಒಂದೆರಡು ತಿಂಗಳಲ್ಲಿ ಇಂಗ್ಲಿಷ್ ಪುಸ್ತಕದ ಪುಟ ತೆರೆದರೆ ಪರಿಚಯದ ಮುಖಗಳು ಕಾಣತೊಡಗಿದವು.

ಕೊನೆಯ ಪುಟ ಒಂದು ಮಾತ್ರ ನನಗೆ ಸರಿ ಬರಲಿಲ್ಲ. ಅದರ ತಲೆಯ ಮೇಲೆ ಡಿ, ಇ, ಎ. ಕೆಳಗೆ ಹನ್ನೊಂದು ಶಬ್ದ: ಬ್ರೆಡ್, ಹೆಡ್, ಟ್ರೇಡ್, ರೆಡಿ, ಗಾರ್ಡನ್, ಹೀಗೆ. ಉಳಿದ ಪುಟ ಖಾಲಿ. ಎಲ್ಲ ಒಳ್ಳೆಯ ಶಬ್ದಗಳೇ. ಆದರೆ ಆ ಮೂರು ಅಕ್ಷರ ನೋಡಿದ ಕೂಡಲೇ ನನಗೆ ಮೊದಲು ಹೊಳೆದದ್ದು ಡೆಡ್. ಆಮೇಲೆ ಡೆತ್. ಕಾಕಾ ಆ ಎರಡನ್ನೂ ಬರೆದಿರಲಿಲ್ಲ. ಹೊಳೆದಿರಲಿಲ್ಲವೋ, ಹೊಳೆದೂ ಬಿಟ್ಟಿದ್ದನೋ.

“ಅಪ್ಪಾ, ಈ ಮಾರ್ಕಾ ಯಾರದು?” ಎಂದು ಕೇಳಿದೆ.

ಅಪ್ಪ ಪುಟ ನೋಡಿದ. ಓದಲು ಬಾರದಿದ್ದರೂ ಹಮಾಲರಿಗೆ ಮಾರ್ಕಾ ಗೊತ್ತು.

“ಅವತ್ತಿನ ಟೆಂಪೋದಾಗ ಇದ್ದದ್ದು ಇದ ಮಾಲು. ಅವನ ಮ್ಯಾಲೆ ಬಿದ್ದ ಚೀಲಕ್ಕೆಲ್ಲ ಅವನ ಕೈಲೆ ಹೊಡದ ಮಾರ್ಕಾ ಇತ್ತು.” ಇಷ್ಟು ಹೇಳಿ ವಹಿ ಮುಚ್ಚಿದ. “ಇನ್ನೊಮ್ಮೆ ಕೇಳಬ್ಯಾಡ.”

ಕೇಳಲಿಲ್ಲ. ಆದರೆ ಅಕ್ಷರಗಳು ನನ್ನನ್ನು ಬಿಡಲಿಲ್ಲ. ಆ ಖರೀದಿದಾರನ ವ್ಯಾಪಾರ ಆ ವರ್ಷ ಜೋರಿತ್ತು. ಗಾಡಿಯ ಮೇಲೆ ಡಿ, ಇ, ಎ. ಗೋದಾಮಿನ ಮುಂದೆ ಡಿ, ಇ, ಎ. ನಮ್ಮ ಓಣಿಯಲ್ಲಿ ಹರಿದ ಚೀಲವನ್ನು ಬಾಗಿಲಿಗೆ ಹಾಸಿದವರ ಮನೆ ಮುಂದೆಯೂ ಅದೇ. ಪ್ರತಿ ಸಲವೂ ಮೊದಲು ಬರುತ್ತಿದ್ದದ್ದು ಅದೇ ಶಬ್ದ.

ಎರಡನೇ ಸಲದ ಪರೀಕ್ಷೆ ಬಂತು. ಹಿಂದಿನ ಮಧ್ಯಾಹ್ನವೇ ಆಯಿ ಒಲೆ ಹೊತ್ತಿಸಿದಳು. ಐದು ಕಾಯಿ. ಘಾಟಿಲ್ಲ. “ಇನ್ನೂ ಎದ್ದಿಲ್ಲ ಅದು,” ಅಂದಳು. ಮರುದಿನ ಮುಂಜಾನೆ ನಾನು ರೈಲಿಗೆ ಹೊರಟು ಚಪ್ಪಲಿ ಮೆಟ್ಟಿದ್ದೆ. ನಾಲ್ಕು ಮಂದಿ ಹಮಾಲರು ಅಪ್ಪನನ್ನು ಹೊತ್ತುಕೊಂಡು ಓಣಿಗೆ ಬಂದರು. ಚೀಲದ ನಿಟ್ಟು ಜಾರಿ ಮೈಮೇಲೆ ಬಿದ್ದಿತ್ತು. ಬಲಗಾಲು ಎರಡು ಕಡೆ ಮುರಿದಿತ್ತು. ನಾನು ಹಾಲ್ ಟಿಕೆಟ್ ಹಿಡಿದುಕೊಂಡೇ ದವಾಖಾನೆಯ ಬೆಂಚಿನ ಮೇಲೆ ಕೂತೆ. ಪರೀಕ್ಷೆ ಶುರುವಾಗುವ ಹೊತ್ತಿಗೆ ಗೋಡೆ ಗಡಿಯಾರ ನೋಡಿದೆ, ಮುಗಿಯುವ ಹೊತ್ತಿಗೆ ಇನ್ನೊಮ್ಮೆ ನೋಡಿದೆ. ಯಾವ ಮಾರ್ಕಾದ ಚೀಲ ಎಂದು ಯಾರನ್ನೂ ಕೇಳಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ.

ಅಂದಿನಿಂದ ಅಪ್ಪ ಬದಲಾದ. ಮಂಚದ ಮೇಲೆ ಮಲಗಿ ಸೂರು ನೋಡುತ್ತಿದ್ದ. ಒಂದು ದಿನ ಮೆಲ್ಲಗೆ ಅಂದ:

“ಆ ವಹಿ ಮನಿಗೆ ತಂದವ ನಾನ ಅಲ್ಲೇನ.”

“ಹಂಗೇನಿಲ್ಲಪ್ಪಾ. ನಿಟ್ಟ ಸರಿ ಹಚ್ಚಿರಲಿಲ್ಲ, ಜಾರಿತು.”

“ನಿಟ್ಟ ಹಚ್ಚಿದವನೂ ನಾನ.”

ಮೂರನೇ ಸಲ ಕೊನೆಯದು. ಕಾಲೇಜಿನ ಗುಮಾಸ್ತರು ಸ್ಪಷ್ಟ ಹೇಳಿದರು: ಹಳೆಯ ಪಠ್ಯಕ್ರಮ ಮುಗಿಯಿತು, ಉಳಿದವರಿಗೆ ಇದೊಂದೇ ಅವಕಾಶ, ಇದರಲ್ಲಿ ಬರೆಯದಿದ್ದರೆ ಮೂರು ವರ್ಷದ ಓದು ಅಲ್ಲಿಗೇ. ಉಳಿದವರು ಕೆಲವೇ ಮಂದಿ, ಹಾಗಾಗಿ ಕೇಂದ್ರ ರಾಣೆಬೆನ್ನೂರಲ್ಲ, ಹಾವೇರಿ. ಆ ಹೊತ್ತಿಗೆ ಸರಿಹೋಗುವ ರೈಲಿಲ್ಲ. ಬಸ್ಸಿನಲ್ಲಿ ಹೋಗಬೇಕು. ಮೋಟೆಬೆನ್ನೂರಿನ ಮೇಲೆ ಹಾಯ್ದು.

ಈ ಮಾತನ್ನು ಮನೆಯಲ್ಲಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಕೊನೆಗೆ ಅಪ್ಪನೇ ತೀರ್ಪು ಕೊಟ್ಟ.

“ಈ ಸಲ ಬೆಂಕಿ ಹೇಳಿದಂಗ. ಘಾಟು ಬಂದ್ರ ಹೋಗು, ನಾನ ಕಳಸ್ತೇನಿ. ಬರಲಿಲ್ಲಂದ್ರ ಹಾಲ್ ಟಿಕೀಟು ಒಲಿಗೆ ಹಾಕು. ನನ್ನ ಕಾಲ ಹೋತು. ಇನ್ನೊಂದು ಏನಾರ ಹೋಗೂದು ಬ್ಯಾಡ ಈ ಮನ್ಯಾಗ.”

“ಅಪ್ಪಾ...”

“ಅಷ್ಟ.”

ಅವ್ವ ನನ್ನ ಪರ ಇದ್ದಳು. ಆದರೆ ಅವಳೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆ ಆಡಿಸಿದಳು. ಮನೆಯ ಮಂದಿಯೆಲ್ಲ ಒಪ್ಪಿದ ತೀರ್ಪು. ನನಗೂ ಅಂಜಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಡಿಗ್ರಿ ನನಗೆ ಬೇಕಿತ್ತು, ಹಸಿದವನಿಗೆ ಅನ್ನ ಬೇಕಾದಂತೆ ಬೇಕಿತ್ತು. ಆದರೆ ರಾತ್ರಿ ಹಗಲು ತಲೆಯಲ್ಲೊಂದು ಲೆಕ್ಕ ನಡೆದೇ ಇತ್ತು. ಕಾಕಾ. ಅಪ್ಪನ ಕಾಲು. ಮುಂದೆ ಯಾರು?

ಅಪ್ಪ ದುಡಿಯದಿದ್ದ ಆ ದಿನಗಳಲ್ಲಿ ನಾನೂ ತುಂಬು ಮುರಿಯಲು ಹೋಗುತ್ತಿದ್ದೆ. ಬ್ಯಾಡಗಿ ಕಾಯಿಯನ್ನು ಎಷ್ಟು ಮುರಿದರೂ ಕೈ ಬರೀ ಬೆಚ್ಚಗಾಗುತ್ತದೆ. ಪರೀಕ್ಷೆಯ ಹಿಂದಿನ ದಿನ ನಮ್ಮ ಪಾಲಿಗೆ ಗುಂಟೂರಿನ ಕಾಯಿಯ ರಾಶಿ ಬಂತು. ದಪ್ಪ, ನುಣ್ಣಗೆ, ಹೊಳೆಯುವ ಕಾಯಿ. ಮಧ್ಯಾಹ್ನದ ಹೊತ್ತಿಗೆ ನನ್ನ ಬೆರಳು ಉರಿಯತೊಡಗಿದವು. ನೀರಿಗೆ ಓಡಲು ಎದ್ದೆ. ಪಕ್ಕದಲ್ಲಿದ್ದ ಚಾಚಿ ಕೈ ಹಿಡಿದು ಕೂರಿಸಿ ಕೊಬ್ಬರಿ ಎಣ್ಣೆ ಹಚ್ಚಿದಳು.

“ನೀರ ಮುಟ್ಟಬ್ಯಾಡ ಬೇಟಿ, ಇನ್ನೂ ಏರತೈತಿ. ನಮ್ಮೂರ ಕಾಯಿ ಏನ, ಬರೇ ಬಣ್ಣ! ಮದಲಗಿತ್ತಿ ಇದ್ದಂಗ. ಸಿಟ್ಟ ಇಲ್ಲ ಅದಕ್ಕ. ಇದು ನೋಡು, ಇದು ಅತ್ತಿ.”

ಸುತ್ತಲಿನ ಹೆಂಗಸರು ನಕ್ಕರು. ನಾನೂ ನಗಲು ಬಾಯಿ ತೆರೆದೆ. ನಗು ಅಲ್ಲೇ ನಿಂತಿತು. ಬರೇ ಬಣ್ಣ. ಸಿಟ್ಟಿಲ್ಲ. ಆಯಿಯ ಡಬ್ಬಿಯಲ್ಲಿರುವುದು ಬ್ಯಾಡಗಿ ಕಾಯಿ. ಅದನ್ನು ಒಂದಲ್ಲ, ಐದಲ್ಲ, ಹತ್ತು ಸುಟ್ಟರೂ ಎಲ್ಲಿಯ ಘಾಟು? ಹಲಗೇರಿಯ ಅವಳ ತವರಿನಲ್ಲಿ ಖಾರದ ಕಾಯಿ ಬೆಳೆಯುತ್ತಿದ್ದರೇನೋ. ಆ ಊರಿನ ಪರೀಕ್ಷೆಯನ್ನು ಈ ಊರಿನ ಕಾಯಿಗೆ ಹಚ್ಚಿದರೆ ಉತ್ತರ ಯಾವಾಗಲೂ ಒಂದೇ. ಮೆಣಸಿನಕಾಯಿಯ ಊರಿನಲ್ಲೇ ಹುಟ್ಟಿದ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ.

ಸಂಜೆ ಏಳುವ ಮುಂಚೆ ಗುಂಟೂರಿನ ಆರೇಳು ಕಾಯಿ ಆರಿಸಿ ದುಪಟ್ಟಾದ ತುದಿಗೆ ಗಂಟು ಹಾಕಿದೆ. ಚಾಚಿ ನೋಡಿದಳು.

“ಏನ ಅದು?”

“ಏನಿಲ್ಲ ಚಾಚಿ.”

“ಏನಿಲ್ಲಂದ್ರ ಗಂಟ್ಯಾಕ? ಮನ್ಯಾಗ ಕಾಯಿಗೆ ಬರಾ ಬಂದೈತೇನ?”

ಹೇಳಿದೆ. ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ತುಂಬು ಮುರಿಯುತ್ತಲೇ ಅಂದಳು:

“ಬೆಂಕಿಗೆ ಮೋಸ ಮಾಡಬಾರದು ಬೇಟಿ. ಅದು ಲೆಕ್ಕ ಇಡತೈತಿ.” ಸ್ವಲ್ಪ ಹೊತ್ತಿನ ನಂತರ, “ನಿಮ್ಮ ಆಯಿಗೆ ಮಾಡು, ನಡೀತೈತಿ. ಆಕಿ ನಮಗೆಲ್ಲ ಎಷ್ಟ ಮಾಡ್ಯಾಳ.”

ಎರಡನೆಯ ಮಾತು ಚೇಷ್ಟೆ. ನನ್ನ ಜೊತೆ ಮನೆಗೆ ಬಂದದ್ದು ಮೊದಲನೆಯದು.

ಆಯಿ ಬಚ್ಚಲಿಗೆ ಹೋದಾಗ ಡಬ್ಬಿ ತೆಗೆದೆ. ಹಳೆಯ ಕಾಯಿ ತೆಗೆದು ಹೊಸದನ್ನು ಇಟ್ಟೆ. ಸಾಸಿವೆ ಚೆಲ್ಲಿತು. ಒಂದೊಂದೇ ಕಾಳು ಆರಿಸಿ ಒಳಗೆ ಹಾಕಿದೆ.

ಪರೀಕ್ಷೆಯ ಮುಂಜಾನೆ ಎಲ್ಲರೂ ಒಲೆಯ ಸುತ್ತ ಸೇರಿದರು. ಅಪ್ಪ ಕೋಲೂರಿಕೊಂಡು ಬಂದು ಹೊಸ್ತಿಲಲ್ಲಿ ಕೂತ. ಆಯಿ ಡಬ್ಬಿಯೊಳಗೆ ಕೈ ಹಾಕಿದಳು. ಮುಷ್ಟಿ ಹೊರಗೆ ಬಂತು. ಇಳಿಸುವ ಮುಂಚೆ ಆ ಮುಷ್ಟಿ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಮೂರು ಸಲ ಇಳಿಸಿದಳು, ಒಲೆಗೆ ಹಾಕಿದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಅವ್ವ ಸೀನಿದಳು. ಆಮೇಲೆ ಮನೆಯ ಗಾಳಿಯೆಲ್ಲ ಒಮ್ಮೆಲೇ ಮುಳ್ಳಾಯಿತು. ಅಪ್ಪ ಕೆಮ್ಮುತ್ತ ಕೋಲು ಬೀಳಿಸಿದ. ಗೋಡೆಯಾಚೆಯಿಂದ ಚಾಚಿಯ ಕೂಗು: “ಅರೆ, ಯಾರ ಮನ್ಯಾಗ ಏನ ಸುಟ್ರಿ! ಸಾಯಸ್ತೀರೇನ ನಮ್ಮನ್ನ!” ಅಪ್ಪ ಕೆಮ್ಮಿನ ನಡುವೆಯೇ ನಗುತ್ತಿದ್ದ, ಅತ್ತಂತೆ ನಗುತ್ತಿದ್ದ. “ಬಂತು! ಘಾಟು ಬಂತವ್ವಾ! ನಡಿ, ಲಗೂ ನಡಿ!”

ಆಯಿ ನಗಲಿಲ್ಲ. ಒಲೆಯ ಮುಂದಿನಿಂದ ಏಳಲೂ ಇಲ್ಲ. ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಹೋಗು,” ಅಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಊರು ದಾಟುವವರೆಗೆ ಗೆದ್ದವಳಂತೆ ಕೂತಿದ್ದೆ. ದಾಟಿದ ಮೇಲೆ ಚಾಚಿಯ ಮಾತು ನೆನಪಾಯಿತು. ಈವರೆಗೆ ಏನಾದರೂ ಆಗಿದ್ದರೆ ಅದು ಹಣೆಬರಹ ಅನ್ನಬಹುದಿತ್ತು. ಇಂದು ಏನಾದರೂ ಆದರೆ ಅದು ನನ್ನ ಕೈಯಿಂದ. ನಾನು ಬೆಂಕಿಯ ಬಾಯಿಗೆ ಸುಳ್ಳು ಹಾಕಿ ಬಂದವಳು. ಅದು ಲೆಕ್ಕ ಇಡುತ್ತದೆ.

ಮೋಟೆಬೆನ್ನೂರು ಹತ್ತಿರ ಬಂದಂತೆ ಬಸ್ಸು ನಿಧಾನವಾಯಿತು. ಮುಂದೆ ಲಾರಿಯೊಂದು ಇತ್ತು. ಹಿಂಬದಿ ಪೂರ್ತಿ ಮೆಣಸಿನಕಾಯಿ ಚೀಲ. ಹೊರೆ ಒಂದು ಮಗ್ಗುಲಿಗೆ ವಾಲಿತ್ತು, ಹಗ್ಗ ಬಿಗಿದು ಚೀಲದೊಳಕ್ಕೆ ಇಳಿದಿತ್ತು. ಪ್ರತಿ ಚೀಲದ ಮೇಲೂ ಕಪ್ಪು ಅಕ್ಷರ. ಓದುವ ಮುಂಚೆಯೇ ನನಗೆ ಗೊತ್ತಿತ್ತು. ಡಿ, ಇ, ಎ.

ಕಂಡಕ್ಟರ್ ಯಾರಿಗೋ ಜೋಕು ಹೇಳುತ್ತಿದ್ದ. ಹೆದ್ದಾರಿಗೆ ಏರುವ ತಿರುವಿನಲ್ಲಿ ಲಾರಿ ನಿಂತಿತು. ನಮ್ಮ ಬಸ್ಸು ಅದರ ಬೆನ್ನಿಗೆ ನಿಂತಿತು. ಲಾರಿ ಒಮ್ಮೆ ಹಿಂದಕ್ಕೆ ಜಗ್ಗಿತು. ಹೊರೆ ಇನ್ನಷ್ಟು ವಾಲಿತು. ಕಣ್ಣು ಮುಚ್ಚಿದರೆ ಡೆಡ್, ತೆರೆದರೆ ಡೆತ್. ಆಗ ಕಾಕಾ ಮಾಡುತ್ತಿದ್ದುದನ್ನೇ ಮಾಡಿದೆ. ತುಟಿಯೊಳಗೆ ಅವನ ಪುಟ ಓದಿದೆ. ಬ್ರೆಡ್. ಹೆಡ್. ಟ್ರೇಡ್. ರೆಡಿ. ಗಾರ್ಡನ್. ಹನ್ನೊಂದೂ ಮುಗಿದವು. ಲಾರಿ ಇನ್ನೂ ಅಲ್ಲೇ ಇತ್ತು. ಆಮೇಲೆ ನನ್ನವು: ಡ್ರೀಮ್. ಥ್ರೆಡ್. ಶೇಡ್. ಡಾಟರ್. ಒಂದೊಂದು ಶಬ್ದಕ್ಕೂ ಲಾರಿ ಒಂದೊಂದು ಗೇಣು ಏರಿದಂತೆ ಅನಿಸಿತು. ಅದು ನಿಜವಲ್ಲ ಎಂದು ನನಗೆ ಗೊತ್ತು, ಆದರೂ ನಿಲ್ಲಿಸಲಿಲ್ಲ. ಕೊನೆಗೆ ಲಾರಿ ಹೊಗೆ ಉಗುಳಿ ಹೆದ್ದಾರಿ ಹತ್ತಿತು. ದಕ್ಷಿಣಕ್ಕೆ ತಿರುಗಿ ಹೋಯಿತು. ನಾವು ಉತ್ತರಕ್ಕೆ.

ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ತಲೆ ಬರಿದಾಗಿತ್ತು. ಬಾಯಿಪಾಠ ಮಾಡಿದ್ದು ಒಂದಕ್ಷರ ಇಲ್ಲ. ಹಾಲ್ ಟಿಕೆಟ್ಟಿನ ಮೇಲೆ ಬರೆಯುವ ಹಾಗಿಲ್ಲ, ಅದಕ್ಕೆ ಉತ್ತರ ಪತ್ರಿಕೆಯ ಕೊನೆಯ ಹಾಳೆಯ ಮೂಲೆಯಲ್ಲಿ ಸಣ್ಣಗೆ ಮೂರು ಅಕ್ಷರ ಬರೆದೆ: ಎ, ಆರ್, ಟಿ. ಮಾರ್ಕೆಟ್ ಬಂತು. ವಾಟರ್ ಬಂತು. ಫಾದರ್ ಬಂತು. ಒಂದರ ಬಾಲ ಹಿಡಿದು ಇನ್ನೊಂದು. ನಿಮ್ಮ ಊರಿನ ಬಗ್ಗೆ ಬರೆಯಿರಿ ಎಂಬ ಪ್ರಬಂಧವಿತ್ತು. ಯಾರ ಗೈಡಿನಲ್ಲೂ ಇಲ್ಲದ ಪ್ರಬಂಧ ಬರೆದೆ. ಸಣ್ಣ ಸಣ್ಣ ವಾಕ್ಯ. ನನ್ನ ಅಪ್ಪ ಚೀಲ ಹೊರುತ್ತಾನೆ. ಚೀಲದ ಮೇಲೆ ಅಕ್ಷರಗಳಿವೆ. ನನ್ನ ಕಾಕಾ ಆ ಅಕ್ಷರ ಬರೆಯುತ್ತಿದ್ದ. ಅಷ್ಟೂ ಇಂಗ್ಲಿಷಿನಲ್ಲಿ, ಅಷ್ಟೂ ನನ್ನದೇ. ಗಂಟೆ ಬಾರಿಸಿದಾಗ ಬೆರಳಿನಲ್ಲಿ ಗುಂಟೂರಿನ ಉರಿ ಇನ್ನೂ ಸ್ವಲ್ಪ ಇತ್ತು.

ಮನೆಗೆ ಬರುವ ದಾರಿಯಲ್ಲೂ ಕಿವಿ ನೆಟ್ಟಗೆ ಮಾಡಿಕೊಂಡೇ ಬಂದೆ. ಓಣಿಯಲ್ಲಿ ಮಂದಿ ಸೇರಿದ್ದಾರೆಯೇ? ಇಲ್ಲ. ಅಪ್ಪ ಮಂಚದ ಮೇಲಿದ್ದ. ಅವ್ವ ನೀರು ಕೊಟ್ಟಳು. ಆಯಿ ಬಾಗಿಲಲ್ಲಿ ಕೂತಿದ್ದಳು, ಮುಂದೆ ಮೆಣಸಿನಕಾಯಿಯ ರಾಶಿ. ಮುಂಜಾನೆ ಹೇಗಿತ್ತೋ ಹಾಗೇ ಇತ್ತು. ನನಗೆ ಬುದ್ಧಿ ಬಂದಾಗಿನಿಂದ ಅವಳು ಕೈ ಸುಮ್ಮನಿಟ್ಟುಕೊಂಡು ಕೂತಿದ್ದನ್ನು ನೋಡಿದ್ದು ಅದೊಂದೇ ದಿನ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಒಂದು ಕಾಯಿ ಎತ್ತಿಕೊಂಡು ತುಂಬು ಮುರಿದಳು.

ಫಲಿತಾಂಶದವರೆಗೆ ನಾನು ಗಟ್ಟಿಯಾಗಿ ನಗಲಿಲ್ಲ. ಏನೋ ಎಲ್ಲೋ ಇನ್ನೂ ಕೂತಿದೆ ಅನಿಸುತ್ತಿತ್ತು. ಅಪ್ಪ ಕೆಮ್ಮಿದರೆ ಎದ್ದು ನೋಡುತ್ತಿದ್ದೆ. ಕಾಕಾನ ವಹಿಯನ್ನು ಜೋಳದ ಕಣಜದ ಹಿಂದೆ ಬಟ್ಟೆ ಸುತ್ತಿ ಇಟ್ಟಿದ್ದೆ. ಒಂದು ಮಧ್ಯಾಹ್ನ ತೆಗೆದು ಕೊನೆಯ ಪುಟದಲ್ಲಿ, ಅವನ ಹನ್ನೊಂದರ ಕೆಳಗೆ, ಹನ್ನೆರಡನೆಯ ಶಬ್ದ ಬರೆದೆ: ಗ್ರ್ಯಾಜುಯೇಟ್. ಅದರಲ್ಲೂ ಆ ಮೂರೂ ಅಕ್ಷರ ಇದ್ದವು. ಪೆನ್ಸಿಲ್ಲಿನಲ್ಲಿ ಬರೆದೆ, ಅಳಿಸಬೇಕಾದೀತೆಂದು.

ಅಳಿಸಬೇಕಾಗಲಿಲ್ಲ. ಪಾಸಾಗಲು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಅಂಕ ಬಂದಿದ್ದವು. ಈ ಮನೆಯ, ಈ ಮನೆತನದ ಮೊದಲ ಪದವೀಧರೆ ನಾನು. ಯಾರ ಶಿಫಾರಸೂ ಇಲ್ಲ, ಯಾರ ಟ್ಯೂಷನ್ನೂ ಇಲ್ಲ.

ಎಷ್ಟೋ ತಿಂಗಳ ಮೇಲೆ ಪ್ರಮಾಣಪತ್ರ ಕಾಲೇಜಿಗೆ ಬಂತು. ರಾಣೆಬೆನ್ನೂರಿಗೆ ಹೋಗಿ ಸಹಿ ಮಾಡಿ ತೆಗೆದುಕೊಂಡೆ. ರೈಲಿನಲ್ಲಿ ಅದನ್ನು ತೊಡೆಯ ಮೇಲೆ ಮಡಚದೆ ಇಟ್ಟುಕೊಂಡು ಬಂದೆ. ಆಯಿ ಬಾಗಿಲಲ್ಲೇ ಇದ್ದಳು. ನಾನು ಅದನ್ನು ಚಾಚಿದಾಗ ಕೈಯನ್ನು ಸೀರೆಗೆ ಎರಡೆರಡು ಸಲ ಒರೆಸಿಕೊಂಡಳು. ತೆಗೆದುಕೊಂಡಳು. ಓದಲು ಬಾರದ ಅವಳು ಕಾಗದದ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು, ಕಾಯಿಯ ದರ್ಜೆ ನೋಡುವ ಹಾಗೆ.

“ನಿನ್ನ ಹೆಸರ ಯಾವುದು ಇದರಾಗ?”

ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡೇ ಅಂದಳು:

“ಆ ಕಾಯಿ ನಮ್ಮೂರಿಂದಲ್ಲ.”

ನಾನು ಅವಳ ಎದುರಿಗೆ ಕೂತೆ.

“ಮುಟ್ಟಿದ ಕೂಡಲೆ ಗೊತ್ತಾತು. ನೆರಗಿ ಇರಲಿಲ್ಲ, ನುಣ್ಣಗಿತ್ತು. ಗುಂಟೂರ ಕಾಯಿ. ಇಷ್ಟ ವರ್ಷ ತುಂಬ ಮುರದಾಕಿಗೆ ಅಷ್ಟೂ ತಿಳಿಯೂದಿಲ್ಲೇನ?”

“ಮತ್ತ ಯಾಕ ಹಾಕಿದಿ ಆಯಿ?”

ಅವಳು ಓಣಿಯ ಕಡೆ ನೋಡಿದಳು.

“ನಿಮ್ಮ ಕಾಕಾ ಹೋಗಾಗ ಇಂಥಾ ಖಾರದ ಕಾಯಿನ ಹಾಕಿದ್ದೆ. ಘಾಟು ಭಾಳ ಬಂತು. ನಗಸಾಡಿಕೋಂತ ಕಳಿಸಿದೆ ಅವನ್ನ. ನಾನ ಕಳಿಸಿದೆ. ಅವತ್ತಿಂದ ಆ ಡಬ್ಬಿಗೆ ಘಾಟು ಬರೂ ಕಾಯಿ ಹಾಕಿಲ್ಲ. ಇನ್ನ ಯಾರನ್ನೂ ಕಳಸೂದು ಬ್ಯಾಡ ಅಂತ. ಈ ಸಲ ಕಾಯಿ ಇಟ್ಟಾಕಿ ನೀನ, ಹೊಂಟಾಕಿನ್ನ ನಾ ಹೆಂಗ ತಡೀಲಿ?” ಪ್ರಮಾಣಪತ್ರವನ್ನು ನನ್ನ ಕೈಗೆ ಕೊಟ್ಟಳು. “ತಗೋ. ಅವನ ವಹಿ ಜೋಡಿ ಇಡು ಇದನ್ನ. ಕಣಜದ ಹಿಂದ ಇಲಿ ಅದಾವು. ಮ್ಯಾಲ ಇಡು.”